ಮಕ್ಕಳ ಫುಟ್‌ಬಾಲ್ ತರಬೇತಿ: ಸಾಲಿನಲ್ಲಿ ನಿಲ್ಲಿಸಿದರೆ ಕಲಿಯುವುದು ಯಾವಾಗ?

ಬೇಸಿಗೆ ರಜೆ ಶುರುವಾದರೆ ಸಾಕು, ತಾಲೂಕು ಕೇಂದ್ರಗಳ ಹೈಸ್ಕೂಲ್ ಮೈದಾನಗಳಲ್ಲಿ ಬೆಳಗ್ಗೆ ಆರಕ್ಕೇ ಮಕ್ಕಳ ಗಲಾಟೆ. ಒಂದು ಮೂಲೆಯಲ್ಲಿ ಕ್ರಿಕೆಟ್, ಸುತ್ತಲೂ ವಾಕಿಂಗ್‌ನವರು, ಉಳಿದ ಜಾಗದಲ್ಲಿ ಫುಟ್‌ಬಾಲ್. ಹೇಳಿಕೊಡುವವರು ಶಾಲೆಯ ಪಿ.ಟಿ. ಮೇಷ್ಟ್ರು, ಇಲ್ಲವೇ ಕಾಲೇಜು ದಿನಗಳಲ್ಲಿ ಆಡಿ ಈಗ ಅಂಗಡಿ, ಗ್ಯಾರೇಜು, ಬ್ಯಾಂಕು ಅಂತ ನೆಲೆ ನಿಂತ ಹಳೇ ಆಟಗಾರರು. ಹೆಚ್ಚಿನವರಿಗೆ ಇದರಿಂದ ಬರುವ ದುಡ್ಡು ಅಷ್ಟಕ್ಕಷ್ಟೇ. ಆಟದ ಮೇಲಿನ ಪ್ರೀತಿಗೆ ನಿದ್ದೆ ಬಿಟ್ಟು ಬರುತ್ತಾರೆ.

ಆದರೂ ಬಹಳ ಕಡೆ ಕಾಣುವ ದೃಶ್ಯ ಒಂದೇ. ಮಕ್ಕಳೆಲ್ಲ ಉದ್ದಕ್ಕೆ ಸಾಲು ನಿಂತಿರುತ್ತಾರೆ. ಒಬ್ಬೊಬ್ಬರಾಗಿ ಬಂದು ಗೋಲಿಗೆ ಒಂದು ಸಲ ಒದ್ದು ಮತ್ತೆ ಸಾಲಿನ ಕೊನೆಗೆ ಓಡುತ್ತಾರೆ. ಲೆಕ್ಕ ಹಾಕಿದರೆ ಇದರ ಹಣೆಬರಹ ಗೊತ್ತಾಗುತ್ತದೆ. 24 ಮಕ್ಕಳು, ಒಂದೇ ಬಾಲ್, ಒಂದು ಒದೆತಕ್ಕೆ 15 ಸೆಕೆಂಡ್ ಅಂತಿಟ್ಟುಕೊಂಡರೆ ಒಬ್ಬನ ಸರದಿ ಮತ್ತೆ ಬರುವುದು 6 ನಿಮಿಷಕ್ಕೆ. 20 ನಿಮಿಷದಲ್ಲಿ ಒಂದು ಮಗುವಿಗೆ ಸಿಗುವುದು ಮೂರೇ ಮೂರು ಒದೆತ. ಉಳಿದಷ್ಟು ಹೊತ್ತು ಮುಂದಿನವನ ಬೆನ್ನು ನೋಡುತ್ತಾ, ಪಕ್ಕದವನನ್ನು ತಳ್ಳುತ್ತಾ ನಿಂತಿರಬೇಕು. ಅದೇ 24 ಮಕ್ಕಳನ್ನು ನಾಲ್ಕು ನಾಲ್ಕು ಜನರ ಆರು ತಂಡ ಮಾಡಿ, ಮೂರು ಬಾಲ್ ಕೊಟ್ಟು ಮೂರು ಕಡೆ ಆಡಿಸಿದರೆ ಬಾಲ್ ಮುಟ್ಟದೆ ಒಂದು ನಿಮಿಷ ಕಳೆಯುವುದೂ ಕಷ್ಟ. ಮಕ್ಕಳ ತರಬೇತಿ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯಲು ಪೋಷಕರಿಗೆ ಆಟದ ಜ್ಞಾನವೇ ಬೇಕಿಲ್ಲ. ಹತ್ತು ನಿಮಿಷ ಕಾಂಪೌಂಡ್ ಪಕ್ಕ ನಿಂತು ತಮ್ಮ ಮಗು ಎಷ್ಟು ಸಲ ಬಾಲ್ ಮುಟ್ಟಿತು ಅಂತ ಎಣಿಸಿದರೆ ಸಾಕು.

ಬಾಲ್, ಕೋನ್, ಶೂ

ಬಾಲ್‌ನಲ್ಲಿ ಸೈಜ್ ಇದೆ. ದೊಡ್ಡವರು ಆಡುವ 5ನೇ ಸೈಜಿನ ಬಾಲ್ ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 410ರಿಂದ 450 ಗ್ರಾಂ. ಏಳೆಂಟು ವರ್ಷದ ಮಗುವಿಗೆ ಇದನ್ನು ಕೊಟ್ಟರೆ ಕಾಲು ನೋಯುತ್ತದೆ, ಹೆದರಿಕೆಯೂ ಹುಟ್ಟುತ್ತದೆ. ಆ ವಯಸ್ಸಿಗೆ 3ನೇ ಸೈಜ್, ಸುಮಾರು 12 ವರ್ಷದವರೆಗೆ 4ನೇ ಸೈಜ್, 13ರ ನಂತರ 5 ಅನ್ನುವುದು ರೂಢಿಯಲ್ಲಿರುವ ಅಳತೆ. ಮೂರು ಮಕ್ಕಳಿಗೆ ಒಂದು ಬಾಲ್ ಇದ್ದರೂ ಕೆಲಸ ನಡೆಯುತ್ತದೆ, ತಲೆಗೊಂದು ಇದ್ದರೆ ಬಹಳ ಒಳ್ಳೆಯದು. ಗಾಳಿ ಹೊಡೆಯುವಾಗ ಪಿನ್ ಒದ್ದೆ ಮಾಡಿಕೊಂಡು ಹಾಕಬೇಕು. ಒಣ ಪಿನ್ ಚುಚ್ಚಿ ವಾಲ್ವ್ ಹಾಳಾದ ಬಾಲ್‌ಗಳು ಪ್ರತಿ ಶಾಲೆಯ ಸ್ಟೋರ್ ರೂಮಿನಲ್ಲೂ ಬಿದ್ದಿರುತ್ತವೆ.

ಕೋನ್ ಇಲ್ಲದಿದ್ದರೆ ಮಣ್ಣು ತುಂಬಿದ ನೀರಿನ ಬಾಟಲಿ, ಹಳೇ ಚಪ್ಪಲಿ ಆಗುತ್ತದೆ. ಇಟ್ಟಿಗೆ, ಕಲ್ಲು ಮಾತ್ರ ಬೇಡವೇ ಬೇಡ. ಶೂ ವಿಚಾರದಲ್ಲಿ ಒಂದು ನಿಯಮ ಪಾಲಿಸಲೇಬೇಕು: ಅರ್ಧ ಮಕ್ಕಳು ಸ್ಟಡ್ ಶೂ, ಅರ್ಧ ಬರಿಗಾಲು ಅಂತ ಸೇರಿಸಿ ಆಡಿಸಬಾರದು. ತುಳಿಸಿಕೊಳ್ಳುವುದು ಯಾವಾಗಲೂ ಬರಿಗಾಲಿನವರೇ. ಎಲ್ಲರಿಗೂ ಶೂ ಇಲ್ಲ ಅಂದರೆ ಕಲ್ಲು ಆರಿಸಿ ತೆಗೆದ ಜಾಗದಲ್ಲಿ ಎಲ್ಲರೂ ಬರಿಗಾಲಲ್ಲೇ ಆಡಲಿ. ಗಟ್ಟಿ ಮಣ್ಣಿನ ನೆಲಕ್ಕೆ ಉದ್ದ ಸ್ಟಡ್‌ಗಿಂತ ಗಿಡ್ಡ ರಬ್ಬರ್ ಗುಬ್ಬಿಗಳ ಶೂ ಮೇಲು. ಪಂದ್ಯಕ್ಕೆ ಶಿನ್‌ಗಾರ್ಡ್ ಕಡ್ಡಾಯ, ಇದು ಆಟದ ನಿಯಮದಲ್ಲೇ ಇದೆ.

75 ನಿಮಿಷ ಹೇಗೆ ಕಳೆಯಬೇಕು

9ರಿಂದ 12 ವರ್ಷದ 24 ಮಕ್ಕಳು, ಎಂಟು ಬಾಲ್, ಅರ್ಧ ಮೈದಾನ. ನಮ್ಮ ತಾಲೂಕುಗಳಲ್ಲಿ ಸಿಗುವುದು ಹೆಚ್ಚು ಕಡಿಮೆ ಇಷ್ಟೇ, ಹಾಗಾಗಿ ಇದನ್ನೇ ಲೆಕ್ಕಕ್ಕೆ ಹಿಡಿಯಬಹುದು.

ಮೊದಲು ಬಂದ ನಾಲ್ವರಿಗೆ ಒಂದು ಬಾಲ್ ಕೊಟ್ಟು ಇಬ್ಬರ ಮೇಲೆ ಇಬ್ಬರು ಆಡಲು ಬಿಡಬೇಕು. ಆಮೇಲೆ ಬಂದವರು ಸೇರಿಕೊಳ್ಳುತ್ತಾ ಹೋಗಲಿ. ಎಲ್ಲರೂ ಬರುವವರೆಗೆ ಕಾಯಿಸಿ, ಸಾಲು ನಿಲ್ಲಿಸಿ ಹಾಜರಿ ಕೂಗಿದರೆ ಬೇಗ ಬಂದವನಿಗೇ ಶಿಕ್ಷೆ ಕೊಟ್ಟಂತೆ. ನಾಳೆಯಿಂದ ಅವನೂ ತಡವಾಗಿ ಬರುತ್ತಾನೆ. ಹಾಜರಿಯನ್ನು ಕೋಚ್ ಮಕ್ಕಳು ಆಡುತ್ತಿರುವಾಗಲೇ ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಬಹುದು.

ನಂತರದ 15 ನಿಮಿಷ ಮೈ ಬಿಸಿ ಮಾಡುವುದಕ್ಕೆ. ಗ್ರೌಂಡ್ ಸುತ್ತ ನಾಲ್ಕು ರೌಂಡ್ ಓಡಿಸುವ ಹಳೇ ಪದ್ಧತಿಗಿಂತ ಒಳ್ಳೆಯದೊಂದು ಈಗ ಇದೆ. ಅದರ ಹೆಸರು ‘ಫಿಫಾ 11 ಪ್ಲಸ್ ಕಿಡ್ಸ್’. 7ರಿಂದ 13 ವರ್ಷದವರಿಗೆಂದು ಮಾಡಿರುವ ಏಳು ವ್ಯಾಯಾಮಗಳು: ಓಡುತ್ತಾ ಸನ್ನೆ ಸಿಕ್ಕ ತಕ್ಷಣ ಒಂಟಿ ಕಾಲಲ್ಲಿ ನಿಲ್ಲುವುದು, ಕುಂಟುತ್ತಾ ಹಾರುವುದು, ಕೈಕಾಲು ಊರಿ ಜೇಡದಂತೆ ನಡೆಯುವುದು, ಪೆಟ್ಟಾಗದ ಹಾಗೆ ಬಿದ್ದು ಉರುಳುವುದು, ಹೀಗೆ. ಖರ್ಚಿಲ್ಲ, ಮಕ್ಕಳಿಗೆ ಆಟದಂತೆಯೇ ಅನಿಸುತ್ತದೆ. ಯುರೋಪಿನ ನಾಲ್ಕು ದೇಶಗಳ ಸುಮಾರು 3,900 ಮಕ್ಕಳ ಮೇಲೆ ನಡೆಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದನ್ನು ಮಾಡಿದ ತಂಡಗಳಲ್ಲಿ ಗಾಯದ ಪ್ರಮಾಣ ಶೇ 48ರಷ್ಟು ಕಡಿಮೆ ಇತ್ತು. ಬೀಳುವುದನ್ನು ಹೇಳಿಕೊಡುವುದು ನಮ್ಮ ಗಟ್ಟಿ ನೆಲದ ಮೈದಾನಗಳಿಗೆ ಇನ್ನೂ ಹೆಚ್ಚು ಬೇಕು. ಆದರೆ ಉರುಳುವುದನ್ನು ಹುಲ್ಲಿನ ಮೇಲೋ ಮ್ಯಾಟ್ ಮೇಲೋ ಕಲಿಸಬೇಕು.

ಮುಂದಿನ 20 ನಿಮಿಷ ಒಂದೇ ವಿಷಯ. ಇವತ್ತು ಪಾಸ್ ಅಂದರೆ ಪಾಸ್ ಅಷ್ಟೇ, ಜೊತೆಗೆ ಶಾಟು, ಥ್ರೋ ಅಂತ ಬೆರೆಸಬಾರದು. ನಾಲ್ವರ ಆರು ಗುಂಪು ಮಾಡಿ, ಒಂದೊಂದು ಗುಂಪಿಗೆ ಎಂಟು ದೊಡ್ಡ ಹೆಜ್ಜೆಯ ಚೌಕ ಹಾಕಿ ಒಂದು ಬಾಲ್ ಕೊಡಬೇಕು. ಸುತ್ತ ಮೂವರು ಪಾಸ್ ಮಾಡುತ್ತಾರೆ, ಮಧ್ಯದವನು ಕಸಿಯುತ್ತಾನೆ. ಕಸಿದರೆ ಕಳೆದುಕೊಂಡವನು ಮಧ್ಯಕ್ಕೆ. ದೊಡ್ಡ ಕ್ಲಬ್‌ಗಳಲ್ಲೂ ಇದೇ ಆಟ, ಅಲ್ಲಿ ‘ರೊಂಡೊ’ ಅನ್ನುತ್ತಾರೆ. ಎರಡು ಪಾಸ್‌ಗೇ ತುಂಡಾಗುತ್ತಿದ್ದರೆ ಚೌಕವನ್ನು ಎರಡು ಹೆಜ್ಜೆ ದೊಡ್ಡದು ಮಾಡಬೇಕು. ಸುಲಭವಾಯಿತು ಅಂದರೆ ಚಿಕ್ಕದು ಮಾಡಬೇಕು, ಅಥವಾ ‘ಎರಡೇ ಟಚ್’ ಅಂತ ನಿಯಮ ಹಾಕಬೇಕು. ಕೋಚ್‌ನ ಕೈಯಲ್ಲಿರುವ ಅಸಲಿ ವಿದ್ಯೆ ಇದು. ಆಟ ನಿಲ್ಲಿಸಿ ಐದು ನಿಮಿಷ ಭಾಷಣ ಮಾಡುವುದಕ್ಕಿಂತ ಎರಡು ಕೋನ್ ಸರಿಸಿದರೆ ಮಕ್ಕಳು ಬೇಗ ಕಲಿಯುತ್ತಾರೆ. ಇಲ್ಲಿ ಹೇಳಬೇಕಾದದ್ದು ಒಂದೇ ಮಾತು: ಬಾಲ್ ಬರುವ ಮೊದಲೇ ಒಮ್ಮೆ ಸುತ್ತ ನೋಡಬೇಕು.

ಉಳಿದ 25 ನಿಮಿಷ ಆಟ. ಸುಮಾರು 25 ಹೆಜ್ಜೆ ಉದ್ದ, 18 ಹೆಜ್ಜೆ ಅಗಲದ ಮೂರು ಪುಟ್ಟ ಅಂಕಣ, ಎರಡೆರಡು ಬಾಟಲಿಯ ಗೋಲು, ಗೋಲ್‌ಕೀಪರ್ ಇಲ್ಲ. ಏಳೆಂಟು ನಿಮಿಷಕ್ಕೊಮ್ಮೆ ಗೆದ್ದ ತಂಡ ಒಂದು ಅಂಕಣ ಮೇಲಕ್ಕೆ, ಸೋತ ತಂಡ ಒಂದು ಕೆಳಕ್ಕೆ. ಎರಡು ಸುತ್ತು ಆಗುವಷ್ಟರಲ್ಲಿ ಹೆಚ್ಚು ಕಡಿಮೆ ಸಮಬಲದವರೇ ಎದುರಾಗುತ್ತಾರೆ, 8-0 ಅಂತ ಅಳುತ್ತಾ ಮನೆಗೆ ಹೋಗುವುದು ತಪ್ಪುತ್ತದೆ. ಕೊನೆಯ ಐದು ನಿಮಿಷ ನೀರು, ಬಾಲ್ ಎಣಿಕೆ, ಮಕ್ಕಳ ಎಣಿಕೆ.

ಕೂಗಾಟ ಎಷ್ಟು ಬೇಕು

“ಪಾಸ್ ಕೊಡೋ... ಕೊಡೋ... ಅಯ್ಯೋ ಒದಿಯೋ ಅಲ್ಲಿಗೆ!” ಲೈನ್ ಪಕ್ಕದಿಂದ ಹೀಗೆ ಕೂಗುತ್ತಲೇ ಇದ್ದರೆ ಮಗು ಬಾಲ್ ನೋಡುವುದು ಬಿಟ್ಟು ಕೋಚ್ ಮುಖ ನೋಡುತ್ತದೆ. ತಾನಾಗಿ ಯೋಚಿಸುವುದು ನಿಲ್ಲುತ್ತದೆ. ನೀರು ಕುಡಿಯುವಾಗ ಹತ್ತಿರ ಕರೆದು “ಬಾಲ್ ಬರೋ ಮುಂಚೆ ನಿನ್ ಹಿಂದೆ ಯಾರಿದ್ರು, ನೋಡಿದ್ಯಾ?” ಅಂತ ಕೇಳಿದರೆ ಅದು ತಲೆಯಲ್ಲಿ ಉಳಿಯುತ್ತದೆ. ತಪ್ಪು ಮಾಡಿದವರಿಗೆ ‘ಎರಡು ರೌಂಡ್ ಓಡು’ ಅನ್ನುವ ಶಿಕ್ಷೆಯೂ ಬೇಡ. ಓಟವೇ ಈ ಆಟದ ಜೀವ, ಅದನ್ನೇ ಶಿಕ್ಷೆ ಮಾಡಿದರೆ ಮಕ್ಕಳು ಓಟವನ್ನೇ ದ್ವೇಷಿಸುತ್ತಾರೆ. ಕಾಂಪೌಂಡ್ ಆಚೆ ನಿಂತು ಕೂಗುವ ಅಪ್ಪಂದಿರಿಗೂ ಈ ಮಾತು ಅನ್ವಯ. ಪಂದ್ಯದ ದಿನ ಅವರ ಗಂಟಲು ಕೋಚ್‌ಗಿಂತ ಜೋರಾಗಿರುತ್ತದೆ.

12ರೊಳಗಿನ ಮಕ್ಕಳನ್ನು ‘ನೀನು ಬ್ಯಾಕ್, ನೀನು ಗೋಲಿ’ ಅಂತ ಒಂದೇ ಜಾಗಕ್ಕೆ ಕಟ್ಟಿಹಾಕಬಾರದು. ದಪ್ಪಗಿರುವ ಹುಡುಗನನ್ನು ಗೋಲಿಗೆ ನಿಲ್ಲಿಸುವ ಚಾಳಿ ಇನ್ನೂ ಹೋಗಿಲ್ಲ. ಎಲ್ಲರೂ ಎಲ್ಲ ಜಾಗದಲ್ಲಿ ಆಡಲಿ. ಚಿಕ್ಕವರಿಗೆ ಹೆಡ್ಡಿಂಗ್ ಅಭ್ಯಾಸವನ್ನೂ ಮಾಡಿಸಬೇಕಿಲ್ಲ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ 10 ವರ್ಷದವರೆಗಿನ ಮಕ್ಕಳಿಗೆ ಅದನ್ನು ನಿಷೇಧಿಸಿತು, 2020ರಲ್ಲಿ ಇಂಗ್ಲೆಂಡ್ ಪ್ರಾಥಮಿಕ ಶಾಲೆ ವಯಸ್ಸಿನವರ ತರಬೇತಿಯಿಂದ ತೆಗೆಯಿತು.

ಬಿಸಿಲು, ಸಿಡಿಲು, ಗೋಲ್‌ಪೋಸ್ಟ್

ಏಪ್ರಿಲ್-ಮೇ ತಿಂಗಳಲ್ಲಿ ಬೆಳಗ್ಗೆ ಎಂಟೂವರೆ ಒಳಗೆ ಮುಗಿಸಬೇಕು, ಸಂಜೆಯಾದರೆ ಐದರ ನಂತರ. 15-20 ನಿಮಿಷಕ್ಕೊಮ್ಮೆ ನೀರು ಕೊಡಬೇಕು. ‘ಆಡುವಾಗ ನೀರು ಕುಡಿಯಬಾರದು’ ಅನ್ನುವುದು ತಪ್ಪು ತಿಳಿವಳಿಕೆ. ತಲೆ ಸುತ್ತು, ವಾಂತಿ, ತೊದಲು ಮಾತು ಕಂಡರೆ ನೆರಳಿಗೆ ಕರೆದೊಯ್ದು ಮೈಮೇಲೆ ತಣ್ಣೀರು ಹಾಕಿ 108ಕ್ಕೆ ಕರೆ ಮಾಡಬೇಕು.

ಅದೇ ತಿಂಗಳುಗಳಲ್ಲಿ ಸಂಜೆ ಮುಂಗಾರು ಪೂರ್ವ ಮಳೆ. ಗುಡುಗು ಕೇಳಿಸಿತು ಅಂದರೆ ಆಟ ನಿಂತಿತು ಅಂತಲೇ ಅರ್ಥ. ಮರದ ಕೆಳಗಲ್ಲ, ಶಾಲೆ ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ವಾಪಸ್ ಬರಬಾರದು. ಎತ್ತಿಡುವ ಕಬ್ಬಿಣದ ಗೋಲ್‌ಪೋಸ್ಟ್‌ಗಳ ಹಿಂಬದಿಗೆ ಗೂಟ ಹೊಡೆಯಬೇಕು ಅಥವಾ ಮರಳು ಮೂಟೆ ಇಡಬೇಕು. ಮಕ್ಕಳು ಜೋತುಬಿದ್ದಾಗ ಅದು ಮುಂದಕ್ಕೆ ಮಗುಚುತ್ತದೆ, ಜೀವ ಹೋಗುವಂಥ ಅಪಾಯ.

ತಲೆಗೆ ಪೆಟ್ಟು ಬಿದ್ದ ಮಗು ‘ಏನಿಲ್ಲ ಸಾರ್, ಆಡ್ತೀನಿ’ ಅಂದರೂ ಆ ದಿನ ಆಡಿಸಬಾರದು. ಮನೆಯವರಿಗೆ ಫೋನ್ ಮಾಡಿ ಹೇಳಬೇಕು, ವೈದ್ಯರಿಗೆ ತೋರಿಸಬೇಕು. ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು ಇದ್ದರೆ ನೇರ ಆಸ್ಪತ್ರೆಗೆ.

ಟೀಮಿನಲ್ಲಿ ಯಾರು?

“ಮುಂದೆ ಏನಾಗ್ತಾನೆ ಸಾರ್?” ಪೋಷಕರ ಮೊದಲ ಪ್ರಶ್ನೆ ಇದು. ದಾರಿಗಳು ಇವೆ. ಇಲಾಖೆಯ ಶಾಲಾ ಕ್ರೀಡಾಕೂಟ ತಾಲೂಕು, ಜಿಲ್ಲೆ, ವಿಭಾಗ ದಾಟಿ ರಾಜ್ಯದವರೆಗೆ ಹೋಗುತ್ತದೆ. ಶಾಲಾ ತಂಡಗಳಿಗೆ ವಾಯುಪಡೆ ನಡೆಸುವ ಸುಬ್ರೊತೊ ಕಪ್ 1960ರಿಂದ ಇದೆ, 17 ವರ್ಷದೊಳಗಿನ ಬಾಲಕಿಯರಿಗೂ ವಿಭಾಗವಿದೆ. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಾಗ 54 ವರ್ಷಗಳ ಕಾಯುವಿಕೆ ಮುಗಿದಿತ್ತು. ಹಿಂದಿನ ಗೆಲುವು ಮೈಸೂರು ರಾಜ್ಯದ ಹೆಸರಲ್ಲಿತ್ತು.

ಆದರೆ 24 ಮಕ್ಕಳಲ್ಲಿ ಅಲ್ಲಿಗೆ ಮುಟ್ಟುವವರು ಒಬ್ಬರಿದ್ದರೂ ದೊಡ್ಡದು. ಉಳಿದವರ ಗತಿ ತೀರ್ಮಾನವಾಗುವುದು ತಾಲೂಕು ಟೂರ್ನಿಯ ದಿನ, ಬೆಂಚಿನ ಮೇಲೆ. ಮೂರು ಪಂದ್ಯಕ್ಕೆ ಜೆರ್ಸಿ ಹಾಕಿಕೊಂಡು ಹೋಗಿ ಒಂದು ನಿಮಿಷವೂ ಆಡದ ಹುಡುಗ ನಾಲ್ಕನೇ ಪಂದ್ಯಕ್ಕೆ ಬರುವುದಿಲ್ಲ, ಮೈದಾನಕ್ಕೂ ಬರುವುದಿಲ್ಲ. 12 ವರ್ಷದೊಳಗೆ ಪ್ರತಿ ಮಗುವಿಗೆ ಕನಿಷ್ಠ ಅರ್ಧ ಪಂದ್ಯ ಅಂತ ನಿಯಮ ಇಟ್ಟುಕೊಳ್ಳುವುದು ಒಳ್ಳೆಯದು, ಸೋತರೂ ಸರಿ.

ಗಾತ್ರ ನೋಡಿ ಆರಿಸುವುದೂ ಮೋಸ ಮಾಡುತ್ತದೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ವಯೋಮಿತಿಯಲ್ಲಿ ಆಡುತ್ತಾರೆ, ನಡುವೆ ಹತ್ತಿರ ಹತ್ತಿರ ಒಂದು ವರ್ಷದ ಬೆಳವಣಿಗೆ. 11ರಲ್ಲಿ ‘ಸಣ್ಣವ’ ಅಂತ ಬಿಟ್ಟ ಹುಡುಗ 15ಕ್ಕೆ ಎಲ್ಲರಿಗಿಂತ ಎತ್ತರ ಬೆಳೆದಿರಬಹುದು, ಅಷ್ಟರಲ್ಲಿ ಆಟ ಬಿಟ್ಟಿರುತ್ತಾನೆ. ಇನ್ನು ಜನನ ದಿನಾಂಕ ತಿದ್ದಿ ದೊಡ್ಡವರನ್ನು ಇಳಿಸುವುದು ಚತುರತೆಯಲ್ಲ, ಎದುರಿನ ಮಗುವಿನ ಕಾಲು ಮುರಿಯುವ ಕೆಲಸ.

ಹೆಣ್ಣುಮಕ್ಕಳು ಬರುವುದಿಲ್ಲ ಅನ್ನುವವರು ಮೊದಲು ನೋಡಬೇಕಾದದ್ದು ಮೈದಾನದಲ್ಲಿ ಬೀಗ ತೆರೆದ ಶೌಚಾಲಯ ಇದೆಯಾ, ಕತ್ತಲಾಗುವ ಮುಂಚೆ ಬಿಡುತ್ತಾರಾ, ಒಬ್ಬ ಹೆಂಗಸಾದರೂ ಅಲ್ಲಿ ಇರುತ್ತಾರಾ ಅಂತ. ಇಷ್ಟಾದರೆ ಬರುವವರು ಬರುತ್ತಾರೆ.

ಅಂಗಡಿಯವರ ದುಡ್ಡು, ಪೋಷಕರ ಪ್ರಶ್ನೆ

ಟೂರ್ನಿ ಬಂದರೆ ಚಂದಾ ಪುಸ್ತಕ ಅಂಗಡಿ ಬೀದಿಗೆ ಬರುತ್ತದೆ. ಕೊಟ್ಟ ದುಡ್ಡು ಬಹುಪಾಲು ಹೋಗುವುದು ಫ್ಲೆಕ್ಸ್, ಪೆಂಡಾಲ್, ಮೈಕ್‌ಸೆಟ್, ಆಳೆತ್ತರದ ಕಪ್‌ಗೆ. ಎರಡು ದಿನದಲ್ಲಿ ಫ್ಲೆಕ್ಸ್ ಹರಿಯುತ್ತದೆ. ಅದರ ಬದಲು ಎಂಟು ಬಾಲ್, ಒಂದು ಪಂಪ್, ಎರಡು ಬಣ್ಣದ ಬಿಬ್, ಬೇಸಿಗೆ ಮುಗಿಯುವವರೆಗೆ ದಿನಕ್ಕೊಂದು ಕ್ಯಾನ್ ನೀರು ಕೊಡಿಸಿದರೆ ಇಡೀ ವರ್ಷ ಬಳಕೆಗೆ ಬರುತ್ತದೆ. ಬಿಬ್ ಮೇಲೆ ಅಂಗಡಿ ಹೆಸರು ಹಾಕಿಸಿಕೊಂಡರೆ ಪ್ರಚಾರವೂ ಆಯಿತು.

ಫೀಸು ತೆಗೆದುಕೊಳ್ಳುವ ಅಕಾಡೆಮಿಗಳಾದರೆ ಪೋಷಕರು ಸಂಕೋಚವಿಲ್ಲದೆ ಕೇಳಬೇಕು. ಕೋಚ್ ಹತ್ತಿರ ಲೈಸೆನ್ಸ್ ಇದೆಯಾ? ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಡಿ ಲೈಸೆನ್ಸ್ ಇದೆ, ಅದರ ಮೇಲೆ ಸಿ, ಬಿ, ಎ, ಪ್ರೊ. ಲೈಸೆನ್ಸ್ ಇಲ್ಲದ ಒಳ್ಳೆಯ ಮೇಷ್ಟ್ರು ಬೇಕಾದಷ್ಟಿದ್ದಾರೆ, ಆದರೆ ಸಾವಿರಗಟ್ಟಲೆ ಫೀಸು ಕೇಳುವವರು ಇದನ್ನಾದರೂ ತೋರಿಸಬೇಕು. ಫಸ್ಟ್ ಏಡ್ ಡಬ್ಬಿ ಎಲ್ಲಿದೆ? ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು?

ಇನ್ನೊಂದು ಪ್ರಶ್ನೆ ಕೇಳಲು ಮುಜುಗರ, ಆದರೆ ಕೇಳಲೇಬೇಕು: ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರುತ್ತಾರಾ? ಒಬ್ಬ ಕೋಚ್ ಒಂದು ಮಗುವನ್ನು ಒಂಟಿಯಾಗಿ ಬೈಕಿನಲ್ಲಿ ಕರೆದೊಯ್ಯುವುದು, ರಾತ್ರಿ ವಾಟ್ಸಾಪ್ ಮೆಸೇಜ್ ಕಳಿಸುವುದು ಸರಿಯಲ್ಲ. ಮೆಸೇಜ್ ಏನಿದ್ದರೂ ಪೋಷಕರ ಗ್ರೂಪಿಗೆ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯ ಗೊತ್ತಾದ ಮೇಲೆ ತಿಳಿಸದೇ ಇರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ.

ಶಿಬಿರ ಶುರು ಮಾಡುವವರು ಒಂದು ರಿಜಿಸ್ಟರ್ ಇಡಬೇಕು: ಮಗುವಿನ ಹೆಸರು, ಹುಟ್ಟಿದ ದಿನಾಂಕ, ಮನೆಯವರ ಎರಡು ಫೋನ್ ನಂಬರ್, ಉಬ್ಬಸ, ಫಿಟ್ಸ್‌ನಂಥ ತೊಂದರೆ ಇದ್ದರೆ ಅದರ ವಿವರ, ಕರೆದುಕೊಂಡು ಹೋಗಲು ಬರುವವರು ಯಾರು ಅಂತ. ಮೈದಾನ ಸರ್ಕಾರಿ ಶಾಲೆಯದ್ದಾದರೆ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯುವುದು ಲೇಸು. ಕ್ರಿಕೆಟ್‌ನವರ ಜೊತೆ ಸಮಯ ಹಂಚಿಕೊಳ್ಳುವ ಮಾತುಕತೆಯನ್ನು ಮೊದಲ ದಿನವೇ ಮುಗಿಸಿಕೊಳ್ಳಬೇಕು.