ಮದರಾಸಿನಲ್ಲಿ ಮುಚ್ಚಿದ ಬಾಗಿಲು

ಚೆನ್ನೈಗೆ ಹೋದವರು ಪ್ಯಾರಿಸ್ ಕಾರ್ನರ್ ನೋಡದೆ ಬಂದಿರಲಿಕ್ಕಿಲ್ಲ. ಅಲ್ಲಿ ಬಂದರಿನ ಎದುರು ಹಾದುಹೋಗುವ ರಸ್ತೆಗೆ ಈಗ ರಾಜಾಜಿ ಸಾಲೈ ಅಂತ ಹೆಸರು. ಒಂದು ಕಾಲದಲ್ಲಿ ಆ ಸುತ್ತಮುತ್ತ ಬ್ರಿಟಿಷ್ ವ್ಯಾಪಾರಿಗಳದ್ದೇ ದರ್ಬಾರು. ಪ್ಯಾರಿ, ಬಿನ್ನಿ, ಅರ್ಬತ್‌ನಾಟ್ ಎಂಬ ಮೂರು ಹೆಸರುಗಳು ಇಡೀ ಪ್ರಾಂತ್ಯಕ್ಕೆ ಗೊತ್ತಿದ್ದವು. ನಮ್ಮ ಮಂಗಳೂರು, ಉಡುಪಿಗಳೂ ಆಗ ಮದರಾಸು ಪ್ರಾಂತ್ಯಕ್ಕೇ ಸೇರಿದ್ದವು ಎಂಬುದು ನೆನಪಿರಲಿ.

ಅರ್ಬತ್‌ನಾಟ್ ಕಂಪೆನಿ ವ್ಯಾಪಾರದ ಜೊತೆಗೆ ಜನರಿಂದ ಠೇವಣಿಯನ್ನೂ ತೆಗೆದುಕೊಳ್ಳುತ್ತಿತ್ತು. ಒಳ್ಳೆಯ ಬಡ್ಡಿ, ಮೇಲೆ ಬಿಳಿಯರ ಕಂಪೆನಿ. ಇನ್ನೇನು ಬೇಕು? ಸಾವಿರಾರು ಮಂದಿ ಹಣ ಇಟ್ಟರು. 1906ರ ಅಕ್ಟೋಬರ್ 22, ಸೋಮವಾರ, ಕಂಪೆನಿ ದಿವಾಳಿಯಾಯಿತು. ಲಂಡನ್ನಿನಲ್ಲಿದ್ದ ಪಾಲುದಾರ ಪ್ಯಾಟ್ರಿಕ್ ಮೆಕ್‌ಫಾಡಿಯನ್ ಸಟ್ಟಾ ವ್ಯವಹಾರದಲ್ಲಿ ಹಣ ಕಳೆದು, ಅದಕ್ಕೆ ಸ್ವಲ್ಪ ಮೊದಲಷ್ಟೇ ಆತ್ಮಹತ್ಯೆ ಮಾಡಿಕೊಂಡಿದ್ದ.

ಈಗ ನೀವೊಂದು ಪ್ರಶ್ನೆ ಕೇಳಬಹುದು. ನಾನಿಟ್ಟ ಹಣ ನನ್ನದೇ ಅಲ್ವಾ, ವಾಪಸ್ ಕೊಡಲಿ! ಕಾನೂನು ಹಾಗೆ ಹೇಳುವುದಿಲ್ಲ. ಠೇವಣಿ ಇಟ್ಟ ಕ್ಷಣವೇ ಆ ಹಣ ಕಂಪೆನಿಯದ್ದಾಗುತ್ತದೆ, ನಿಮ್ಮ ಕೈಯಲ್ಲಿ ಉಳಿಯುವುದು ವಸೂಲಿ ಮಾಡುವ ಹಕ್ಕು ಮಾತ್ರ. ನೀವು ಸಾಲ ಕೊಟ್ಟವರು, ಅದೂ ಅಡಮಾನವಿಲ್ಲದೆ ಕೊಟ್ಟವರು. (ನಮ್ಮ ಆಡುಮಾತಿನಲ್ಲಿ ಸಾಲ ತೆಗೆದುಕೊಂಡವನೂ 'ಸಾಲಗಾರ', ವಸೂಲಿಗೆ ಬಾಗಿಲು ಬಡಿಯುವವನೂ 'ಸಾಲಗಾರ'. ಕೋರ್ಟಿನಲ್ಲಿ ಈ ಗೊಂದಲ ನಡೆಯುವುದಿಲ್ಲ.) ದಿವಾಳಿಯ ಆಸ್ತಿಯೆಲ್ಲ 'ಅಫಿಶಿಯಲ್ ಅಸೈನಿ' ಎಂಬ ಅಧಿಕಾರಿಯ ಕೈಗೆ ಹೋಗುತ್ತದೆ. ಅಡಮಾನ ಇಟ್ಟುಕೊಂಡವನಿಗೆ ಆ ಆಸ್ತಿಯೇ ಆಸರೆ. ಉಳಿದವರಿಗೆ ಸಮಪ್ರಮಾಣದ ಹಂಚಿಕೆ. ರೂಪಾಯಿಗೆ ನಾಲ್ಕಾಣೆಯಷ್ಟೇ ಇದ್ದರೆ ಲಕ್ಷ ಇಟ್ಟವನಿಗೂ ನೂರು ಇಟ್ಟ ವಿಧವೆಗೂ ನಾಲ್ಕಾಣೆಯ ಲೆಕ್ಕವೇ. ನ್ಯಾಯವೇನೋ ಹೌದು. ಆದರೆ ಆ ನೂರು ಆಕೆಯ ಸರ್ವಸ್ವ ಆಗಿತ್ತಲ್ಲ?

ಅರ್ಬತ್‌ನಾಟ್ ಪಾಲುದಾರಿಕೆ ಸಂಸ್ಥೆ. ಅಂದರೆ ಸಂಸ್ಥೆಯ ಸಾಲಕ್ಕೆ ಪಾಲುದಾರರು ಸ್ವಂತ ಆಸ್ತಿಯಿಂದಲೂ ಹೊಣೆ. ಸರ್ ಜಾರ್ಜ್ ಅರ್ಬತ್‌ನಾಟ್ ಮೇಲೆ ಕ್ರಿಮಿನಲ್ ಮೊಕದ್ದಮೆಯೂ ನಡೆದು 18 ತಿಂಗಳ ಕಠಿಣ ಸಜೆಯಾಯಿತು. 'ಸರ್' ಬಿರುದಿನ ಆಂಗ್ಲನೊಬ್ಬ ಮದರಾಸಿನಲ್ಲಿ ಜೈಲಿಗೆ ಹೋಗುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಹಣ ಕಳೆದುಕೊಂಡವರ ಪರ ನಿಂತ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್, ನಮ್ಮವರದ್ದೇ ಬ್ಯಾಂಕು ಬೇಕು ಎಂದು ಹೊರಟರು. 1907ರ ಆಗಸ್ಟ್ 15ರಂದು ಇಂಡಿಯನ್ ಬ್ಯಾಂಕ್ ಶುರುವಾಯಿತು.

ಉಡುಪಿಯವರು ಅಷ್ಟು ದಿನ ಕಾದಿರಲಿಲ್ಲ. ಮದರಾಸಿನ ಆ ಸೋಮವಾರಕ್ಕೆ ಏಳು ತಿಂಗಳು ಮೊದಲೇ, 1906ರ ಮಾರ್ಚ್ 12ರಂದು, ಹಾಜಿ ಅಬ್ದುಲ್ಲಾ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಸ್ಥಾಪಿಸಿದ್ದರು. ಬಂಡವಾಳ 5,000 ರೂಪಾಯಿ. ಮೊದಲ ದಿನ ಸೇರಿದ ಹಣ 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅರ್ಬತ್‌ನಾಟ್ ಎದುರು ಈ ಮೊತ್ತ ಏನೂ ಅಲ್ಲ ಅಂತೀರಾ? ಇದು 114 ವರ್ಷ ನಡೆಯಿತು!

ಮದರಾಸಿನ ದಿವಾಳಿ ಇತ್ಯರ್ಥವಾದದ್ದು 1848ರ ಹಳೆಯ ಕಾಯಿದೆಯಡಿ. 1909ರಲ್ಲಿ ಮದರಾಸು, ಕಲ್ಕತ್ತ, ಬೊಂಬಾಯಿ ಪಟ್ಟಣಗಳಿಗೆ ಹೊಸ ದಿವಾಳಿ ಕಾಯಿದೆ ಬಂತು. ಮುಳುಗುತ್ತಿರುವವನು ತನಗೆ ಬೇಕಾದವರಿಗೆ ಮೊದಲು ಹಣ ಕೊಟ್ಟು ಉಳಿದವರ ಕೈ ಬಿಡುವುದಿದೆಯಲ್ಲ, ದಿವಾಳಿ ಅರ್ಜಿಗೆ ಮುಂಚಿನ 3 ತಿಂಗಳೊಳಗೆ ಅಂಥದ್ದು ನಡೆದಿದ್ದರೆ ಅದು ಊರ್ಜಿತವಲ್ಲ ಎಂದಿತು ಆ ಕಾಯಿದೆ. ಕಂಪೆನಿಗಳಿಗೆ ಈಗ 2016ರ ದಿವಾಳಿ ಸಂಹಿತೆ ಇದೆ.

2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಇಂಡಿಯನ್ ಬ್ಯಾಂಕ್ ಅಲಹಾಬಾದ್ ಬ್ಯಾಂಕನ್ನು ತನ್ನೊಳಗೆ ಸೇರಿಸಿಕೊಂಡಿತು. ನಿಮ್ಮ ಖಾತೆ ಯಾವ ಬ್ಯಾಂಕಿನಲ್ಲೇ ಇರಲಿ, ಕಾನೂನಿನ ಕಣ್ಣಿಗೆ ನೀವು ಈಗಲೂ ಸಾಲ ಕೊಟ್ಟವರೇ. ಒಂದು ಬ್ಯಾಂಕಿನಲ್ಲಿ ನಿಮ್ಮ ಹೆಸರಿನಲ್ಲಿರುವ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಅದಕ್ಕೂ ಮೇಲಿನದ್ದಕ್ಕೆ ಸಾಲಿನಲ್ಲಿ ನಿಲ್ಲಬೇಕು, ಅರ್ಬತ್‌ನಾಟ್ ಠೇವಣಿದಾರರು ನಿಂತ ಹಾಗೆ.