ಬಾತ್‌ಟಬ್ಬಿನ ಕಲಾಯಿ ಕಥೆ

ತಾಮ್ರದ ಪಾತ್ರೆಗೆ ಕಲಾಯಿ ಯಾಕೆ ಹಾಕುತ್ತಾರೆ ಗೊತ್ತಲ್ಲ? ತಾಮ್ರ ಬೇಗ ಕಾಯುತ್ತದೆ, ಬಡಿದರೆ ಬೇಕಾದ ಆಕಾರಕ್ಕೆ ಬಗ್ಗುತ್ತದೆ. ಆದರೆ ಹುಳಿ ತಾಗಿದರೆ ಕಿಲುಬು! ಅದಕ್ಕೇ ಒಳಗೆ ತವರದ ತೆಳು ಪದರ. ಮೈ ಒಂದರದ್ದು, ಚರ್ಮ ಇನ್ನೊಂದರದ್ದು. ಬಾತ್‌ಟಬ್ಬಿನ ಇತಿಹಾಸ ಓದುತ್ತಾ ಹೋದರೆ ಅಲ್ಲೂ ಇದೇ ಕಥೆ.

ಓದಲು ಕಾರಣ, ಅಮೆರಿಕದಲ್ಲಿ ಹಳೇ ಮನೆ ಕೊಂಡಿರುವ ಗೆಳೆಯ. ಬಚ್ಚಲುಮನೆ ಹೊಸದು ಮಾಡಿಸುತ್ತಿದ್ದಾನೆ. ಮಹಡಿ ಮೇಲೆ ನಾಲ್ಕು ಕಾಲಿನ ಹಳೇ ಕಬ್ಬಿಣದ ಟಬ್ ಇದೆ. ಸುತ್ತಿಗೆಯಲ್ಲಿ ಒಡೆದು ಅಕ್ರಿಲಿಕ್ ಹಾಕೋಣ ಅಂತಾನೆ ಕಂಟ್ರಾಕ್ಟರ್. 'ಏನ್ಮಾಡ್ಲಿ ಮಾರಾಯ?' ಅಂತ ಇವನು ನನ್ನ ಕೇಳಿದ. ಚೊಂಬಿನಲ್ಲಿ ಮೊಗೆದು ಸ್ನಾನ ಮಾಡುವ ನನ್ನನ್ನು! :)

ಇರಲಿ, ಕಥೆಗೆ ಬರೋಣ. 19ನೇ ಶತಮಾನದ ಅಮೆರಿಕದಲ್ಲಿ ಉಳ್ಳವರ ಮನೆಯ ಟಬ್ ಅಂದರೆ ಸಾಮಾನ್ಯವಾಗಿ ಮರದ ಪೆಟ್ಟಿಗೆ, ಒಳಗೆ ತಾಮ್ರದ ಅಥವಾ ಸತುವಿನ ತಗಡು. ನೋಡಲು ಚೆಂದ. ಆದರೆ ತಗಡಿಗೂ ಮರಕ್ಕೂ ನಡುವೆ ನೀರಿಳಿದರೆ ಒಳಗೊಳಗೇ ಕೊಳೆಯುತ್ತಿತ್ತು. ರೋಗಕ್ಕೆ ಸೂಕ್ಷ್ಮಜೀವಿಗಳು ಕಾರಣ ಅಂತ ಪಾಶ್ಚರ್, ಕಾಕ್ ತೋರಿಸಿಕೊಟ್ಟ ಕಾಲ ಅದು. ಮುಚ್ಚಿದ ಪೆಟ್ಟಿಗೆ ಎಂದರೆ ಜನ ಹೆದರತೊಡಗಿದರು. ಟಬ್ಬು ಪೆಟ್ಟಿಗೆಯಿಂದ ಹೊರಬಂದು ನಾಲ್ಕು ಕಾಲಿನ ಮೇಲೆ ನಿಂತಿತು; ಸುತ್ತಲೂ, ಅಡಿಯಲ್ಲೂ ಗುಡಿಸಿ ಒರೆಸಬಹುದಿತ್ತು. ಈಗ ಶೋರೂಮಿನಲ್ಲಿ ಐಷಾರಾಮದ ಗುರುತಾಗಿ ಒಂಟಿಯಾಗಿ ನಿಂತಿರುವ ಟಬ್ಬಿನ ಹಿಂದೆ ರೋಗದ ಭಯ ಇತ್ತು ಅಂದರೆ ನಂಬುತ್ತೀರಾ?

ಹಾಗೆ ನಿಲ್ಲಲು ಗಟ್ಟಿ ಮೈ ಬೇಕಲ್ಲ? ಅದು ಬೀಡು, ಅಂದರೆ ಎರಕದ ಕಬ್ಬಿಣ. ತುಕ್ಕಿಗೆ ಪರಿಹಾರ ಎನಾಮೆಲ್. 1883ರಲ್ಲಿ ವಿಸ್ಕಾನ್ಸಿನ್‌ನ ಜಾನ್ ಮೈಕೆಲ್ ಕೋಹ್ಲರ್, ಕುದುರೆಗೆ ನೀರು ಕುಡಿಸಲು, ಹಂದಿಯ ಕೂದಲು ತೆಗೆಯಲು ಬಳಸುತ್ತಿದ್ದ ಬೀಡಿನ ತೊಟ್ಟಿಗೆ ಎನಾಮೆಲ್ ಹಚ್ಚಿ, ನಾಲ್ಕು ಕಾಲು ಕೂರಿಸಿ, ಟಬ್ ಅಂತ ಮಾರಿದ. ಡೆಟ್ರಾಯಿಟ್‌ನಲ್ಲಿ ಕೊಳಾಯಿ ಸಾಮಾನು ಮಾಡುತ್ತಿದ್ದ ಡೇವಿಡ್ ಬ್ಯೂಕ್ ಕೂಡ ಬೀಡಿಗೆ ಎನಾಮೆಲ್ ಹಿಡಿಸುವ ವಿಧಾನ ರೂಪಿಸಿದ. ಆಮೇಲೆ ಎಂಜಿನ್ ಹುಚ್ಚು ಹತ್ತಿ 1903ರಲ್ಲಿ ಕಾರಿನ ಕಂಪನಿ ಶುರುಮಾಡಿದ. ಹೌದು, ಅದೇ ಬ್ಯೂಕ್ ಕಾರು!

ಎನಾಮೆಲ್ ಅಂದರೆ ಬಣ್ಣ ಅಲ್ಲ, ಗಾಜು. ಕೆಂಪಗೆ ಕಾದ ಟಬ್ಬಿನ ಮೇಲೆ ಗಾಜಿನ ಪುಡಿಯನ್ನು ಜರಡಿಯಿಂದ ಉದುರಿಸುತ್ತಾರೆ. ಅದು ಕರಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ಆರುವಾಗ ಕಬ್ಬಿಣವೂ ಗಾಜೂ ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ಕುಗ್ಗಬೇಕು, ಇಲ್ಲದಿದ್ದರೆ ಬಿರುಕು. ಹಾಗೆ ಹೊಂದಿಸಿದ ಟಬ್ಬುಗಳು ನೂರು ವರ್ಷ ದಾಟಿಯೂ ಬಳಕೆಯಲ್ಲಿವೆ.

ಆದರೆ ಕಾಲಿನ ಸಂದಿ ಗುಡಿಸುವುದೂ ಬೇಸರವಾಯ್ತು. 1911ರಲ್ಲಿ ಕೋಹ್ಲರ್ ಕಂಪನಿ ಗೋಡೆಗೆ ಸೇರಿಕೊಳ್ಳುವ, ಮುಂಬದಿಯೂ ಸೇರಿ ಒಂದೇ ತುಂಡಿನ ಟಬ್ ತಂದಿತು. ಕಾಲಿನ ಟಬ್ಬು ಹಳೇ ಫ್ಯಾಶನ್ ಆಯಿತು. ಅದನ್ನು ಕಿತ್ತೊಗೆದದ್ದೂ ಸ್ವಚ್ಛತೆಯ ಹೆಸರಿನಲ್ಲೇ!

ಅಕ್ರಿಲಿಕ್ 1930ರ ದಶಕದ ಪ್ಲಾಸ್ಟಿಕ್. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜಿನ ಬದಲು ಬಳಸಿದರು. ಟಬ್ಬಿನಲ್ಲಿ ಅದೂ ಬರೀ ಚರ್ಮ. ಹಾಳೆಯನ್ನು ಬಿಸಿ ಮಾಡಿ ಅಚ್ಚಿಗೆ ಎಳೆದು, ಬೆನ್ನಿಗೆ ಫೈಬರ್‌ಗ್ಲಾಸ್ ಮೆತ್ತುತ್ತಾರೆ. ಈಗ 'ಸ್ಟೋನ್ ರೆಸಿನ್', 'ಸಾಲಿಡ್ ಸರ್ಫೇಸ್' ಅಂತ ಮಾರುವುದರಲ್ಲಿ ಖನಿಜದ ಪುಡಿ ಮತ್ತು ರಾಳ ಬೆರೆತಿರುತ್ತದೆ. ಪೂರ್ತಿ ಸಾಲಿಡ್ ಸರ್ಫೇಸ್ ಆಗಿದ್ದರೆ ಮೈಯೂ ಅದೇ, ಚರ್ಮವೂ ಅದೇ. ಗೀರು ಬಿದ್ದರೆ ಉಜ್ಜಿ ತೆಗೆಯಬಹುದು.

ಗೆಳೆಯನಿಗೆ ಮೊದಲು ಹೇಳಿದ್ದು ಭಾರದ ಲೆಕ್ಕ. ಬೀಡಿನ ಟಬ್ 150 ಕೆಜಿ, ನೀರು 150, ಮನುಷ್ಯ 70. ಸುಮಾರು 370 ಕೆಜಿ ನಾಲ್ಕು ಕಾಲಿನ ಮೂಲಕ ಮರದ ನೆಲಕ್ಕೆ ಇಳಿಯುತ್ತದೆ. ಅಕ್ರಿಲಿಕ್ ಟಬ್ಬಾದರೆ 40 ಕೆಜಿ ಆಸುಪಾಸು. ಎರಡನೆಯದು, ಹಳೇ ಎನಾಮೆಲ್‌ನಲ್ಲಿ ಸೀಸ ಇರುವುದುಂಟು. ಸವೆದಿದ್ದರೆ ಹೊರಗೆ ಬರಬಹುದು. ಅವನಿಗೆ ಎರಡು ವರ್ಷದ ಮಗಳಿದ್ದಾಳೆ, ಹಾಗಾಗಿ ಮೊದಲು ಪರೀಕ್ಷೆ ಮಾಡಿಸು ಅಂದೆ.

ಹಳೆಯದನ್ನೇ ಹೊಸದಾಗಿಸಬಹುದಲ್ಲ ಅಂತ ಅವನು ಕೇಳಿದ. ಆಗುತ್ತದೆ, ಆದರೆ ಮನೆಯಲ್ಲಿ ಗಾಜನ್ನು ಮತ್ತೆ ಕರಗಿಸಲು ಬರುವುದಿಲ್ಲ. ಹಚ್ಚುವುದು ಎಪಾಕ್ಸಿಯಂಥ ಬಣ್ಣ. ಹಾಗೆ ಹಚ್ಚಿದ್ದು ಕಿತ್ತುಬಂದರೆ ಕೆರೆದು ಮತ್ತೆ ಹಚ್ಚಬೇಕು. ಹಾಗೆ ಕೆರೆಯಲು ಬಳಸುತ್ತಿದ್ದ ಮೆಥಿಲೀನ್ ಕ್ಲೋರೈಡಿನ ಆವಿ ಗಾಳಿಗಿಂತ ಭಾರ, ಟಬ್ಬಿನಲ್ಲೇ ಮಡುಗಟ್ಟುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಟಬ್ಬಿನೊಳಗೆ ಬಗ್ಗಿ ಕೆಲಸ ಮಾಡುವಾಗ, 2000ರಿಂದ 2011ರ ನಡುವೆ ಅಮೆರಿಕದಲ್ಲಿ 13 ಕೆಲಸಗಾರರು ಸತ್ತರೆಂದು 2012ರಲ್ಲಿ ಅಲ್ಲಿನ ಸಿಡಿಸಿ ವರದಿ ಮಾಡಿತು. ಯಾರದೋ ಮನೆಯ ಟಬ್ಬು ಹೊಳೆಯಲಿ ಅಂತ!

ಅದಕ್ಕೇ ಗೆಳೆಯನಿಗೆ ಹೇಳಿದೆ: ಯಾವ ಟಬ್ ತಗೊಂಡರೂ, ಚರ್ಮ ಕಿತ್ತರೆ ಯಾರು, ಯಾವುದರಿಂದ ಸರಿಮಾಡುತ್ತಾರೆ ಅಂತ ಮೊದಲೇ ಕೇಳು. ಕಿಟಕಿ ತೆರೆದು, ಫ್ಯಾನ್ ಹಾಕಿ ಕೆಲಸ ಮಾಡಿಸುವವರು ತಾನೇ ಅಂತಲೂ ಕೇಳು.

ನಮ್ಮ ಕಡೆ ಎಸ್ಟೇಟ್ ಬಂಗಲೆಗಳಲ್ಲಿ ಬೀಡಿನ ಹಳೇ ಟಬ್ ಯಾರಾದರೂ ನೋಡಿದ್ದೀರಾ? ನೋಡಿದ್ದರೆ ಬರೆಯಿರಿ.