ಸ್ಕೂಟರಿನ ರಚನೆ ಮತ್ತು ನಿತ್ಯೋಪಯೋಗದ ಸೌಖ್ಯ

ಯಂತ್ರವಾಹನಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ವೇಗವನ್ನೂ ಶಕ್ತಿಯನ್ನೂ ಅಳತೆಗೋಲಾಗಿ ಇಟ್ಟುಕೊಳ್ಳುವುದುಂಟು. ಆ ಅಳತೆಯಲ್ಲಿ ಸ್ಕೂಟರಿಗೆ ದೊರೆಯುವ ಸ್ಥಾನ ಅಲ್ಪವಾದುದು. ಆದರೆ ದಿನವೂ ಕಚೇರಿಗೆ ಹೋಗಿಬರುವ ಸಾಮಾನ್ಯನ ಬಟ್ಟೆ, ಕಾಲು, ಬೆನ್ನುಗಳ ಅನುಕೂಲವನ್ನು ಅಳತೆಯಾಗಿ ಹಿಡಿದರೆ ಈ ತೀರ್ಮಾನ ನಿಲ್ಲುವುದಿಲ್ಲ. ಸ್ಕೂಟರಿನ ಒಂದೊಂದು ಅಂಗವೂ ಸವಾರನ ಒಂದೊಂದು ತೊಂದರೆಗೆ ಕೊಟ್ಟ ಉತ್ತರವೆಂಬುದನ್ನೂ, ಆ ಉತ್ತರಕ್ಕೆ ತೆರಬೇಕಾದ ಬೆಲೆಯೂ ಇದ್ದಿತೆಂಬುದನ್ನೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ಕೂಟರು ಎರಡನೆಯ ಮಹಾಯುದ್ಧಾನಂತರದ ಹೊಸ ಸೃಷ್ಟಿಯೇನೂ ಅಲ್ಲ. ನಿಂತು ನಡೆಸುವ ಆಟೋಪೆಡ್ ಎಂಬ ವಾಹನ ೧೯೧೫ರ ಸುಮಾರಿಗೇ ಅಮೆರಿಕದಲ್ಲಿ ಬಂದಿತ್ತು. ಯುದ್ಧಕಾಲದಲ್ಲಿ ಅಲ್ಲಿಯ ಸೇನೆ ಕುಷ್‌ಮನ್ ಸ್ಕೂಟರುಗಳನ್ನು ಬಳಸಿತ್ತು. ಆದರೆ ಇದಕ್ಕೆ ಖಚಿತವಾದ ರೂಪ ದೊರೆತದ್ದು ಇಟಲಿಯಲ್ಲಿ. ಪೊಂಟೆಡೇರಾದಲ್ಲಿದ್ದ ಪಿಯಾಜಿಯೊ ಸಂಸ್ಥೆಯ ವಿಮಾನ ಕಾರ್ಖಾನೆ ಬಾಂಬಿನ ದಾಳಿಗೆ ತುತ್ತಾಗಿತ್ತು. ಯುದ್ಧ ಮುಗಿದ ಮೇಲೆ ವಿಮಾನಗಳಿಗೆ ಬೇಡಿಕೆಯಿಲ್ಲ. ಜನರಿಗೆ ಬೇಕಾದುದು ಅಗ್ಗದ ವಾಹನ. ಎನ್ರಿಕೊ ಪಿಯಾಜಿಯೊ ಮೊದಲು ಮಾಡಿಸಿದ ಮಾದರಿ ಅವನಿಗೆ ಒಪ್ಪಿಗೆಯಾಗಲಿಲ್ಲ. ಆಗ ಅವನು ಕಾರ್ಯವನ್ನು ಕೊರ‍್ರಾದಿನೊ ದಸ್ಕಾನಿಯೊಗೆ ವಹಿಸಿದನು. ಈತ ವಿಮಾನಶಿಲ್ಪಿ, ಈತನ ಹೆಲಿಕಾಪ್ಟರು ೧೯೩೦ರಲ್ಲಿ ಎತ್ತರ, ದೂರ ಮತ್ತು ಕಾಲಾವಧಿಗಳಲ್ಲಿ ದಾಖಲೆಗಳನ್ನು ಸ್ಥಾಪಿಸಿತ್ತು. ಮೋಟಾರು ಸೈಕಲ್ಲನ್ನು ಕಂಡರೆ ಈತನಿಗೆ ಆಗುತ್ತಿರಲಿಲ್ಲ. ಏರುವಾಗ ಕಾಲನ್ನು ಎತ್ತಿ ಹಾಕಬೇಕು, ಸರಪಣಿಯ ಎಣ್ಣೆ ಬಟ್ಟೆಗೆ ಹತ್ತುತ್ತದೆ, ಟೈರು ಪಂಕ್ಚರಾದರೆ ಗಾಲಿಯನ್ನು ಬಿಚ್ಚುವುದು ಪ್ರಯಾಸ. ಇವೇ ಅವನ ಆಕ್ಷೇಪಗಳು.

೧೯೪೬ರ ಏಪ್ರಿಲ್ ೨೩ರಂದು ಪೇಟೆಂಟಿಗೆ ಅರ್ಜಿ ಹಾಕಲಾದ ವೆಸ್ಪಾ ವಾಹನ ಈ ಆಕ್ಷೇಪಗಳ ಪಟ್ಟಿಯನ್ನೇ ತಿರುವಿಹಾಕಿದಂತಿದೆ. ಅದರಲ್ಲಿ ಪ್ರತ್ಯೇಕ ಚೌಕಟ್ಟಿಲ್ಲ. ವಿಮಾನದ ಒಡಲಿನಂತೆ, ಅಚ್ಚೊತ್ತಿದ ಉಕ್ಕಿನ ತಗಡಿನ ಮೈಯೇ ಭಾರವನ್ನು ಹೊರುತ್ತದೆ. ಎಂಜಿನನ್ನು ಹಿಂದಿನ ಗಾಲಿಯ ಬಲಪಕ್ಕಕ್ಕೆ ಸರಿಸಿದುದರಿಂದ ಸೀಟಿನ ಮುಂದೆ ಕಾಲಿಡಲು ಬಯಲಾದ ನೆಲ ದೊರೆಯಿತು. ಎಂಜಿನಿನ ಶಕ್ತಿ ಹಲ್ಲುಗಾಲಿಗಳ ಮೂಲಕ ನೇರವಾಗಿ ಗಾಲಿಗೆ ಹೋಗುವುದರಿಂದ ಸರಪಣಿಯೇ ಬೇಡವಾಯಿತು. ಮುಂದಿನ ಗುರಾಣಿಯಂಥ ತಗಡು ಕೆಸರನ್ನೂ ಗಾಳಿಯನ್ನೂ ತಡೆಯಿತು. ಗೇರು ಎಡಗೈಯ ಹಿಡಿಗೆ ಬಂದುದರಿಂದ ಬೂಟಿನ ಮೂತಿ ಸವೆಯುವುದು ತಪ್ಪಿತು. ಮುಂದಿನ ಗಾಲಿಯನ್ನು ವಿಮಾನದ ಇಳಿಗಾಲಿಯಂತೆ ಒಂದೇ ಪಕ್ಕದ ತೋಳಿಗೆ ಕೂಡಿಸಿದುದರಿಂದ, ಕಾರಿನ ಗಾಲಿಯಂತೆ ಕೆಲವೇ ನಟ್ಟುಗಳನ್ನು ಬಿಚ್ಚಿ ತೆಗೆಯಬಹುದಾಗಿತ್ತು. ಎಂಜಿನಿನ ಅಳತೆ ೯೮ ಸಿಸಿ. ಗರಿಷ್ಠ ವೇಗ ಗಂಟೆಗೆ ಸುಮಾರು ೬೦ ಕಿಲೋಮೀಟರು. ವೇಗದ ದೃಷ್ಟಿಯಿಂದ ಇದು ದೊಡ್ಡದಲ್ಲ. ಆದರೂ ೧೯೫೬ರ ವೇಳೆಗೆ ಹತ್ತು ಲಕ್ಷ ವೆಸ್ಪಾಗಳು ಸಿದ್ಧವಾಗಿದ್ದುವು.

ಈ ಸೌಖ್ಯಗಳು ಬೆಲೆಯಿಲ್ಲದೆ ಬಂದವಲ್ಲ. ಎಂಜಿನು ಒಂದೇ ಪಕ್ಕದಲ್ಲಿದ್ದುದರಿಂದ ವಾಹನದ ತೂಕ ಬಲಕ್ಕೆ ವಾಲುತ್ತಿತ್ತು. ಚಿಕ್ಕ ಗಾಲಿಗಳಿಂದ ಸೀಟು ತಗ್ಗಿತಾದರೂ ರಸ್ತೆಯ ಗುಂಡಿಗಳಲ್ಲಿ ಅವು ಹೆಚ್ಚು ಆಳಕ್ಕೆ ಇಳಿದು ಸವಾರನ ಬೆನ್ನಿಗೆ ಪೆಟ್ಟು ಕೊಟ್ಟುವು. ಎಂಜಿನು ತಗಡಿನೊಳಗೆ ಮುಚ್ಚಿಹೋದುದರಿಂದ ಅದನ್ನು ತಣಿಸಲು ಬೀಸಣಿಗೆಯನ್ನು ಜೋಡಿಸಬೇಕಾಯಿತು. ಹಿಂದಿನ ಗಾಲಿಗೆ ಸ್ಪ್ರಿಂಗು ಬಂದದ್ದು ೧೯೪೮ರ ೧೨೫ ಸಿಸಿ ಮಾದರಿಯಲ್ಲಿ.

ಪ್ರತಿಸ್ಪರ್ಧಿಯಾದ ಲ್ಯಾಂಬ್ರೆಟಾ ಇದೇ ಸಮಸ್ಯೆಗೆ ಬೇರೆ ದಾರಿ ಹಿಡಿಯಿತು. ಮಿಲಾನಿನ ಇನ್ನೊಚೆಂಟಿ ಸಂಸ್ಥೆಗೆ ಉಕ್ಕಿನ ಕೊಳವೆಗಳ ಕೆಲಸ ಕರಗತವಾಗಿತ್ತು. ಆದುದರಿಂದ ೧೯೪೭ರಲ್ಲಿ ಹೊರಬಂದ ಲ್ಯಾಂಬ್ರೆಟಾದ ಚೌಕಟ್ಟು ಕೊಳವೆಯದು. ಎಂಜಿನು ನಡುವೆ ಇದ್ದುದರಿಂದ ಸಮತೋಲ ಉತ್ತಮ. ಆದರೆ ಮೊದಲ ಮಾದರಿಯ ಯಂತ್ರಭಾಗ ಬಯಲಾಗಿಯೇ ಇತ್ತು. ೧೯೫೦ರಲ್ಲಿ ಆ ಸಂಸ್ಥೆಯೂ ತಗಡು ಹೊದಿಸಿದ ಮಾದರಿಯನ್ನು ತಂದಿತೆಂಬುದು ಗಮನಾರ್ಹ. ಬಟ್ಟೆ ಕೆಡದಿರುವುದು ಕೊಳ್ಳುವವರ ಮುಖ್ಯ ಅಪೇಕ್ಷೆಯಾಗಿತ್ತೆಂದು ಇದರಿಂದ ಊಹಿಸಬಹುದು.

ಈ ಎರಡು ವಂಶಗಳೂ ಭಾರತಕ್ಕೆ ಬಂದುವು. ಲ್ಯಾಂಬ್ರೆಟಾವನ್ನು ಮುಂಬಯಿಯ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಜೋಡಿಸಿತು. ವೆಸ್ಪಾವನ್ನು ೧೯೬೦ರ ದಶಕದಲ್ಲಿ ಪುಣೆಯ ಬಜಾಜ್ ಆಟೋ ತಯಾರಿಸಿತು. ೧೯೭೧ರಲ್ಲಿ ಪಿಯಾಜಿಯೊವಿನೊಡನೆ ಒಪ್ಪಂದ ಮುಗಿದ ಮೇಲೆ, ೧೯೭೨ರಲ್ಲಿ ಅದೇ ಅಚ್ಚಿನ ಚೇತಕ್ ಬಂದಿತು. ಲೈಸೆನ್ಸಿನ ಕಟ್ಟುಪಾಡುಗಳ ಆ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಇಲ್ಲಿ ಕಾಲಿಡುವ ಆ ಬಯಲು ನೆಲಕ್ಕೆ ಇಟಲಿಯ ಶಿಲ್ಪಿ ಎಣಿಸದಿದ್ದ ಉಪಯೋಗಗಳು ದೊರೆತುವು: ಮಗು ಅಲ್ಲಿ ನಿಂತಿತು, ಅಕ್ಕಿಯ ಚೀಲವೂ ಅಡುಗೆ ಅನಿಲದ ಸಿಲಿಂಡರೂ ಅಲ್ಲಿ ಕುಳಿತುವು. ಪಂಚೆ ಉಟ್ಟವರೂ ಸೀರೆ ಉಟ್ಟವರೂ ನಿರಾಯಾಸವಾಗಿ ನಡೆಸಬಹುದಾದ ಯಂತ್ರವಾಹನ ಅದೇ. ಆದರೂ ಬಹುಕಾಲ ಹೆಂಗಸರು ಹಿಂದಿನ ಸೀಟಿನಲ್ಲಿ ಪಕ್ಕಕ್ಕೆ ತಿರುಗಿ ಕುಳಿತವರೇ ಹೊರತು ಹಿಡಿ ಹಿಡಿದವರು ವಿರಳ. ಇದಕ್ಕೆ ರೂಢಿಯೊಂದೇ ಕಾರಣವಲ್ಲ. ಭಾರವಾದ ತಗಡಿನ ಮೈ, ಬಿಗಿಯಾದ ಗೇರಿನ ಹಿಡಿ, ಗಾಡಿಯನ್ನು ಒಂದು ಪಕ್ಕಕ್ಕೆ ಓರೆಮಾಡಿ ಮತ್ತೆ ಮತ್ತೆ ಕಿಕ್ ಹೊಡೆಯಬೇಕಾದ ಕಷ್ಟ, ಇವೂ ಕಾರಣಗಳು. ೧೯೮೦ರ ದಶಕದಲ್ಲಿ ಕೈನೆಟಿಕ್ ಹೋಂಡಾ ಸ್ಕೂಟರು ಗುಂಡಿ ಒತ್ತಿದರೆ ಹೊರಡುವ, ಗೇರು ಬದಲಿಸಬೇಕಾಗಿಲ್ಲದ ವ್ಯವಸ್ಥೆಯನ್ನು ತಂದ ಮೇಲೆ ಈ ತಡೆ ಸಡಿಲವಾಗತೊಡಗಿತು.

೨೦೧೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಏಥರ್ ಸಂಸ್ಥೆ ೨೦೧೮ರಲ್ಲಿ ಹೊರತಂದ ವಿದ್ಯುತ್ ಸ್ಕೂಟರಿನಲ್ಲಿ ಬ್ಯಾಟರಿಯನ್ನು ಕಾಲಿಡುವ ನೆಲದ ಕೆಳಗೇ ಇರಿಸಲಾಯಿತು. ಹೀಗೆ ತೂಕ ನಡುವೆಯೇ ತಗ್ಗಿನಲ್ಲಿ ನಿಂತು, ದಸ್ಕಾನಿಯೊ ಬಯಲುಮಾಡಿದ ನೆಲವೂ ಉಳಿಯಿತು. ಎಂಜಿನು, ಇಂಧನ, ಗೇರುಗಳೆಲ್ಲವೂ ಬದಲಾದರೂ ಸ್ಕೂಟರು ಸ್ಕೂಟರಾಗಿಯೇ ಉಳಿದಿರುವುದು ಈ ನೆಲದಿಂದ. ಆದುದರಿಂದ ಇಂಥ ವಾಹನದ ಚರಿತ್ರೆಯಲ್ಲಿ ಯಂತ್ರದ ಶಕ್ತಿ ಎಷ್ಟೆಂದು ಕೇಳುವುದರ ಜೊತೆಗೆ, ಅದನ್ನು ಯಾರು ಏರಬಲ್ಲರು, ಯಾರು ಏರಲಾರರು ಎಂಬುದನ್ನೂ ಕೇಳುವುದು ಇತಿಹಾಸಕಾರನ ಕರ್ತವ್ಯವೆಂದು ತೋರುತ್ತದೆ.